ಕಂದು ಪೆಟ್ಟಿಗೆ, ನೀಲಿ ಪೆಟ್ಟಿಗೆ

ಎರಡು ಬಂದೂಕುಗಳಲ್ಲಿ ಒಂದನ್ನು ಆರಿಸಲು ಮೂರು ದಿನ ಬೇಕಾದಷ್ಟಾಯಿತು ಎಂದು, ಆಟಗಾರರಿಗೆ ಬಂದೂಕು ಕೊಡಿಸಿ ನೆರವಾಗುವ ಕಂಪನಿಯವರಿಗೆ ಮಾತು ಕೊಟ್ಟವನು ನಾನೇ. ಬಂದೂಕುಗಳು ಬಂದದ್ದು ಮೇ ತಿಂಗಳ ಒಂದು ಶುಕ್ರವಾರ ಸಂಜೆ. ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಅರ್ಜಿ ಕಳಿಸಬೇಕು. ಅರ್ಜಿಯಲ್ಲಿ ಒಂದೇ ಬಂದೂಕಿನ ಹೆಸರು ಬರೆಯಬೇಕು, ಬರೆದ ಮೇಲೆ ಬದಲಿಸುವಂತಿಲ್ಲ, ಬರೆಯದೆ ಬಿಟ್ಟರೆ ಆ ಬಂದೂಕು ಬೇರೆ ಜಿಲ್ಲೆಯ ಬೇರೆ ಯಾರಿಗೋ ಹೋಗುತ್ತದೆ. ಅದು ಸಿಗಬೇಕಾದವಳು ದುರ್ಗಾದೇವಿ. ಸಿರುಗುಪ್ಪ ಡಿಪೊದಲ್ಲಿ ಬಸ್ ಕಂಡಕ್ಟರ್, ವಯಸ್ಸು ಇಪ್ಪತ್ತೊಂಬತ್ತು. ಹಾರುವ ಬಿಲ್ಲೆಗೆ ಹೊಡೆಯುವುದರಲ್ಲಿ ನಮ್ಮ ಕಡೆ ಅವಳ ಸಮಕ್ಕೆ ಇನ್ನೊಬ್ಬರಿಲ್ಲ.

ನಾನು ಮಾರೆಣ್ಣ, ಅವಳ ಕೋಚ್. ಬಳ್ಳಾರಿ ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತೊಂದು ವರ್ಷ ಬಂದೂಕು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ನಿವೃತ್ತನಾದವನು. ಬಂದೂಕಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ಗತ್ತು ನನಗಿತ್ತು. ಸಿಟ್ಟೂ ಬೇಗ ಬರುತ್ತದೆ. ಇವೆರಡೂ ಸೇರಿ ಏನು ಮಾಡಿದವು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಕ್ಲಬ್ಬು ಕೊಳಗಲ್ಲಿನ ಹಾದಿಯಲ್ಲಿ, ಕೆಲಸ ನಿಂತ ಒಂದು ಕಲ್ಲುಕ್ವಾರಿಯ ಬಯಲಿನಲ್ಲಿದೆ. ನೆಲದೊಳಗಿನ ಗುಂಡಿಯಲ್ಲಿ ಒಂದು ಯಂತ್ರ. ಆಟಗಾರ ಕೂಗಿದ ತಕ್ಷಣ ಅದು ಅಂಗೈಯಗಲದ ಕೇಸರಿ ಬಿಲ್ಲೆಯೊಂದನ್ನು ಎತ್ತಲೋ ಎಸೆಯುತ್ತದೆ. ಎಡಕ್ಕೋ ಬಲಕ್ಕೋ ಮೊದಲೇ ಗೊತ್ತಾಗುವುದಿಲ್ಲ. ಅದು ನೆಲಕ್ಕೆ ಬೀಳುವ ಮೊದಲು ಚರೆಗುಂಡಿನಿಂದ ಒಡೆಯಬೇಕು. ಒಂದೊಂದು ಸುತ್ತಿನಲ್ಲೂ ಇಪ್ಪತ್ತೈದು ಬಿಲ್ಲೆ.

ಆರು ವರ್ಷದ ಹಿಂದೆ ದುರ್ಗಾ ನನಗೆ ಸಿಕ್ಕಿದ್ದು ಅವಳದೇ ಬಸ್ಸಿನಲ್ಲಿ. ನನ್ನ ಚೀಲ ನೋಡಿ ಏನು ಹೊಡೆಯುತ್ತೀರಿ ಎಂದು ಕೇಳಿದಳು. ಹಾರುವ ಬಿಲ್ಲೆ ಅಂದೆ. "ಅದು ಬಂದ ದಾರೀಲೇ ಹೋಗ್ತೈತೇನ್ರಿ, ಇಲ್ಲಾ ನಡುವ ತಿರುಗ್ತೈತೇನ್ರಿ?" ಅಂದಳು. ತಿರುಗುವುದಿಲ್ಲ ಅಂದೆ. "ಹಂಗಾರ ಅದೇನು ದೊಡ್ಡದಲ್ಲ ಬಿಡ್ರಿ. ಗಿಣಿ ತಿರುಗ್ತಾವು." ಹಚ್ಚೊಳ್ಳಿಯ ತನ್ನ ತವರಿನ ಜೋಳದ ಹೊಲದಲ್ಲಿ, ಅಟ್ಟಣಿಗೆಯ ಮೇಲೆ ನಿಂತು, ಹತ್ತನೇ ವಯಸ್ಸಿನಿಂದ ಕವಣೆಯಲ್ಲಿ ಹಕ್ಕಿ ಎಬ್ಬಿಸಿದವಳು. ನನಗೆ ರೇಗಿತು. ಭಾನುವಾರ ಬಾ, ನೋಡೋಣ ಅಂದೆ. ಬಂದಳು. ಬಂದೂಕು ಹಿಡಿದ ಮೊದಲ ದಿನವೇ ಇಪ್ಪತ್ತೈದರಲ್ಲಿ ಹದಿನಾಲ್ಕು ಒಡೆದಳು. ಬಿಲ್ಲೆ ಬಿಡಲು ಎಲ್ಲರೂ "ಪುಲ್" ಅನ್ನುತ್ತಾರೆ. ಅವಳು ಮಾತ್ರ ಹೊಲದಲ್ಲಿ ಕೂಗುವ ಹಾಗೆ "ಹೋಯ್" ಅನ್ನುತ್ತಾಳೆ. ನಾನು ತಿದ್ದಲು ನೋಡಿದೆ, ಆಗಲಿಲ್ಲ. ಕುಲುಕಾಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿಯುವ ಕಾಲುಗಳು ಅವಳವು. ನಿಲ್ಲುವುದನ್ನು ನಾನು ಕಲಿಸಬೇಕಾಗಲಿಲ್ಲ.

ಅವಳ ಗಂಡ ಹುಲುಗೇಶ ಕುರುಗೋಡಿನಲ್ಲಿ ಬಡಿಗ. ಮಾತು ಕಡಿಮೆ. ಪ್ರತಿ ಭಾನುವಾರ ಅವಳ ಜೊತೆ ಬಂದು ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಹೋದ ವರ್ಷ ಕ್ಲಬ್ಬಿನ ಹಳೆಯ ಬಂದೂಕಿನ ಹಿಂಬದಿಯ ಕಟ್ಟಿಗೆ, ಅಂದರೆ ಭುಜಕ್ಕೆ ಆನಿಸುವ ಭಾಗ, ಸೀಳಿತು. ಬಂದೂಕನ್ನು ಹೊರಗೆ ಒಯ್ಯುವಂತಿಲ್ಲ. ಹುಲುಗೇಶ ತನ್ನ ಉಳಿ, ಅರ ತಂದು ಕ್ಲಬ್ಬಿನಲ್ಲೇ ನಾಲ್ಕು ದಿನ ಕೂತು, ಹೆಂಡತಿಯ ಭುಜಕ್ಕೆ ಹಚ್ಚಿ ನೋಡಿ ನೋಡಿ ಹೊಸ ಕಟ್ಟಿಗೆ ಕೆತ್ತಿದ. ಅದು ಬಂದ ಮೇಲೆ ಅವಳು ಇಪ್ಪತ್ತೈದರಲ್ಲಿ ಇಪ್ಪತ್ಮೂರಕ್ಕಿಂತ ಕಡಿಮೆ ಒಡೆದದ್ದು ಅಪರೂಪ.

ಡಿಸೆಂಬರಿನಲ್ಲಿ ದಿಲ್ಲಿಗೆ ಹೋದೆವು. ದೇಶದ ಮಟ್ಟದ ಪಂದ್ಯ. ನಾನಾಗಲಿ ಅವಳಾಗಲಿ ಅಂಥ ಚಳಿ ಕಂಡವರಲ್ಲ. ಬೆಳಗಿನ ಎಂಟಕ್ಕೆ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ಗಂಡನ ಸ್ವೆಟರ್ ಹಾಕಿಕೊಂಡಿದ್ದಳು. ಸಾಲದು ಎಂದು ನನ್ನ ದಪ್ಪ ಕೋಟನ್ನು ಬಿಚ್ಚಿ ಅವಳಿಗೆ ತೊಡಿಸಿದೆ, ನಾನು ಶಾಲು ಹೊದ್ದು ನಡುಗಿದೆ. ಎಪ್ಪತ್ತೈದಕ್ಕೆ ನಲವತ್ತೊಂಬತ್ತು ಬಂತು. ನಡುವೆ ಒಮ್ಮೆ ತಿರುಗಿ, "ಸರ್, ಕಟ್ಟಿಗಿ ಬಗಲಾಗ ಸಿಗಿಬೀಳಾಕ ಹತ್ತೈತಿ" ಅಂದಳು. ಕಟ್ಟಿಗೆ ಉದ್ದವಾಗಿದೆ, ಅದಕ್ಕೇ ಎತ್ತುವಾಗ ಸಿಕ್ಕುತ್ತಿದೆ ಎಂದು ಆ ಕ್ಷಣಕ್ಕೇ ನಾನು ತೀರ್ಪು ಕೊಟ್ಟುಕೊಂಡೆ.

ಊರಿಗೆ ಬಂದ ಮೇಲಿನ ಭಾನುವಾರ ಕ್ಲಬ್ಬಿನಲ್ಲಿ ಎಲ್ಲರೂ ಸೇರಿದ್ದರು. ಏನಾಯಿತು ಎಂದು ಯಾರೋ ಕೇಳಿದರು. ಹುಲುಗೇಶ ಅಲ್ಲೇ ನಿಂತಿದ್ದ. "ಬಾಗಿಲು ಮಾಡೋ ಕೈಯಾಗ ಬಂದೂಕು ಕೊಟ್ರ ಇನ್ನೇನಾಗ್ತೈತಿ? ಐದು ವರ್ಷದ ದುಡಿಮಿ ಒಬ್ಬ ಬಡಿಗ್ಯಾ ಹಾಳು ಮಾಡಿದ" ಅಂದೆ. ಹುಲುಗೇಶ ಅವತ್ತಿನಿಂದ ಕ್ಲಬ್ಬಿಗೆ ಬರುವುದನ್ನು ಬಿಟ್ಟ. ನಾನು ಅವನ ಕಟ್ಟಿಗೆ ಬಿಚ್ಚಿಸಿ ಶೆಡ್ಡಿಗೆ ಹಾಕಿ, ಹಳೆಯ ಸೀಳಿದ ಕಟ್ಟಿಗೆಗೇ ಟೇಪು ಸುತ್ತಿ ಕೊಟ್ಟೆ. ದುರ್ಗಾ ಅದರಲ್ಲೇ ಹೊಡೆದಳು. ಅವಳ ಲೆಕ್ಕ ಇಪ್ಪತ್ತಕ್ಕಿಳಿಯಿತು. ಬಂದೂಕೇ ಸರಿಯಿಲ್ಲ, ಹೊಸದು ಬೇಕು ಎಂದು ನಾನು ಕಂಪನಿಗೆ ಬರೆದೆ. ಅವರು ಒಪ್ಪಿದರು.

ಹೀಗೆ ಆ ಎರಡು ಪೆಟ್ಟಿಗೆಗಳು ಬಂದವು. ಹೈದರಾಬಾದಿನ ಬಂದೂಕಿನ ಅಂಗಡಿಯಿಂದ ಸುಭಾಷ್ ಎಂಬಾತ ಕಾಗದಪತ್ರದ ಸಮೇತ ತಂದಿದ್ದ. ಎರಡೂ ಇಟಲಿಯವು. ಒಂದೊಂದರ ಬೆಲೆಗೆ ಒಂದು ಟ್ರ್ಯಾಕ್ಟರ್ ಬರುತ್ತದೆ. ಹೆಸರು ನಮ್ಮ ಬಾಯಿಗೆ ಹೊರಳಲಿಲ್ಲ, ಅದಕ್ಕೇ ಕಂದು ಪೆಟ್ಟಿಗೆಯದು, ನೀಲಿ ಪೆಟ್ಟಿಗೆಯದು ಎಂದು ಕರೆದೆವು. ಎರಡಕ್ಕೂ ಒಂದರ ಮೇಲೊಂದು ನಳಿಗೆ. ಕಂದು ಪೆಟ್ಟಿಗೆಯದು ಹಗುರ, ನಳಿಗೆ ಮೂವತ್ತು ಇಂಚು, ಕಟ್ಟಿಗೆಯಲ್ಲಿ ಹೊಗೆ ಸುತ್ತಿದಂಥ ಗೆರೆಗಳು. ನೀಲಿ ಪೆಟ್ಟಿಗೆಯದು ತೂಕ, ಮೂವತ್ತೆರಡು ಇಂಚು, ನೋಡಲು ಸಪ್ಪೆ, ಆದರೆ ಕೈಯಲ್ಲಿ ಹಿಡಿದು ಬೀಸಿದರೆ ನಡುವೆ ನಿಲ್ಲದೆ ಸಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಕಂದಿನಲ್ಲಿ ಇಪ್ಪತ್ತೆರಡು, ನೀಲಿಯಲ್ಲಿ ಇಪ್ಪತ್ತೊಂದು. ಕಂದೇ ಸರಿ ಅಂದೆ. ಸಂಜೆ ಕಂದಿನಲ್ಲಿ ಇಪ್ಪತ್ತು, ನೀಲಿಯಲ್ಲಿ ಇಪ್ಪತ್ಮೂರು. ನೀಲಿಯೇ ಸರಿ ಅಂದೆ. ಚರೆ ಎಷ್ಟು ಹರಡಬೇಕೆಂದು ನಿರ್ಧರಿಸುವ ನಳಿಗೆಯ ಬಾಯಿಯ ಬಿಗಿ ಬದಲಿಸಿ ಇನ್ನೊಂದು ಸುತ್ತು ಹೊಡೆಸಿದೆ. ಎರಡರಲ್ಲೂ ಇಪ್ಪತ್ತೊಂದು. ಇಡೀ ದಿನ ಬರೆದುಕೊಂಡ ಹಾಳೆಯನ್ನು ನೋಡಿದಷ್ಟೂ ನನ್ನ ತಲೆ ಕೆಟ್ಟು ಮೊಸರಾಯಿತು. ಸುಭಾಷ್ ಬೇರೆ ಪಕ್ಕದಲ್ಲಿ ನಿಂತು, "ಏದೈನಾ ಒಕಟೇ ಸರ್, ರೆಂಡೂ ಮಂಚಿವೇ" ಅನ್ನುತ್ತಿದ್ದ. ಯಾವುದಾದರೂ ಒಂದೇ, ಎರಡೂ ಒಳ್ಳೆಯವೇ ಎಂದು ಮಾರುವವನು ಹೇಳಿದರೆ ಕೊಳ್ಳುವವನಿಗೆ ಏನು ಸಹಾಯವಾಯಿತು?

"ನಿನಗ ಯಾವ್ದು ಹಿತಾ ಅನಸ್ತೈತಿ, ಹೇಳವ್ವಾ" ಅಂದೆ.

"ನಂಗ ತಿಳೀವಲ್ದು ಸರ್. ಎರಡೂ ಬ್ಯಾರೆಯವರ ಮನಿ ಚಪ್ಪಲಿ ಮೆಟ್ಟಿದಂಗ ಆಗ್ತೈತಿ."

"ರೂಢಿ ಆದಮ್ಯಾಲೆ ಸರಿ ಆಗ್ತೈತಿ."

"ಯಾವ್ದು ರೂಢಿ ಆಗ್ಬೇಕು ಅನ್ನೋದ ತಿಳೀವಲ್ದಲ್ರಿ."

ಅವಳ ತಾಯಿ ದೊಡ್ಡಬಸಮ್ಮ ಹಚ್ಚೊಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ರೊಟ್ಟಿ ತಿನ್ನುವಾಗ ಆಕೆಯನ್ನೂ ಕೇಳಿದೆ, ಅಷ್ಟು ದಿಕ್ಕು ತಪ್ಪಿದ್ದೆ. ಆಕೆ ಎರಡನ್ನೂ ದೂರದಿಂದಲೇ ನೋಡಿ, "ಅಳಿಯಂದ್ರು ಇದ್ದಿದ್ರ ಹೇಳ್ತಿದ್ರು ಸಾಹೇಬ್ರ" ಅಂದಳು. ನನಗೆ ಅದು ಚುಚ್ಚಿತು. ಬಡಿಗನಿಗೆ ಇಟಲಿಯ ಬಂದೂಕಿನ ಬಗ್ಗೆ ಏನು ಗೊತ್ತು ಅಂದುಬಿಟ್ಟೆ. ದುರ್ಗಾ ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದಳು.

ಭಾನುವಾರ ಬೆಳಿಗ್ಗೆ ಕಂಪನಿಯಿಂದ ಹೇಮಾ ಮೇಡಂ ಫೋಟೋ ತೆಗೆಯಲು ಬಂದರು. ಜೊತೆಗೆ ಕಂಪನಿಯ ಹೆಸರು ಹೊಲಿದ ಒಂದು ಜಾಕೆಟ್ಟು. ಒಳಗೆ ಹತ್ತಿ ತುಂಬಿದ, ಗಾದಿಯಂಥ ಜಾಕೆಟ್ಟು. ಬಿಸಿಲು ಆಗಲೇ ನಲವತ್ತು ದಾಟಿತ್ತು. ಫೋಟೋಕ್ಕಾಗಿ ಅದನ್ನು ತೊಟ್ಟು ಹತ್ತತ್ತು ಬಿಲ್ಲೆ ಹೊಡೆಯಲಿ ಅಂದರು ಮೇಡಂ. ದುರ್ಗಾ ತೊಟ್ಟಳು. ಕಂದಿನಲ್ಲಿ ಹತ್ತಕ್ಕೆ ಮೂರು ಒಡೆದವು. ನೀಲಿಯಲ್ಲಿ ಎರಡು. ಮೇಡಂ ಪಾಪ ತಮ್ಮ ಪಾಡಿಗೆ ಫೋಟೋ ತೆಗೆದರು. ನಿನ್ನೆ ಎರಡೂ ಒಳ್ಳೆಯ ಬಂದೂಕು, ಇವತ್ತು ಎರಡೂ ಕೆಟ್ಟವು. ಯಾವುದನ್ನು ಬರೆದರೂ ತಪ್ಪಾಗುತ್ತದೆ ಅನ್ನಿಸತೊಡಗಿತು.

ಮೇಡಂ ಹೋದ ಮೇಲೂ ದುರ್ಗಾ ಜಾಕೆಟ್ಟು ಬಿಚ್ಚಲಿಲ್ಲ. ಮುಖದಿಂದ ಬೆವರು ಇಳಿಯುತ್ತಿತ್ತು. ಬಂದೂಕನ್ನು ಸುಮ್ಮನೆ ಭುಜಕ್ಕೆ ಎತ್ತುತ್ತಿದ್ದಳು, ಇಳಿಸುತ್ತಿದ್ದಳು, ಮತ್ತೆ ಎತ್ತುತ್ತಿದ್ದಳು.

"ಬಗಲಾಗ ಸಿಗಿಬೀಳ್ತೈತಿ ಸರ್" ಅಂದಳು.

ಆ ಮಾತನ್ನು ಎಲ್ಲಿ ಕೇಳಿದ್ದೇನೆ ಎಂದು ನನಗೆ ಥಟ್ಟನೆ ಹೊಳೆಯಲಿಲ್ಲ.

"ಶೆಡ್ಡಿನಾಗ ಇಟ್ಟೀರಲ್ಲ, ನಮ್ಮವರು ಮಾಡಿದ್ದು, ಅದನ್ನ ಹಳೀ ಬಂದೂಕಿಗೆ ಹಾಕಿಕೊಡ್ರಿ" ಅಂದಳು. ಕೇಳುವ ದನಿಯಾಗಿರಲಿಲ್ಲ ಅದು. ಕಟ್ಟಿಗೆಯ ಮೇಲೆ ಐದು ತಿಂಗಳ ಧೂಳು ಕೂತಿತ್ತು. ಒರೆಸಿ, ಹಾಕಿಕೊಟ್ಟೆ. ಜಾಕೆಟ್ಟಿನಲ್ಲೇ ಹತ್ತು ಹೊಡೆದಳು. ಮೂರು ಒಡೆದವು. ಆಮೇಲೆ ಜಾಕೆಟ್ಟು ಬಿಚ್ಚಿ ತಾಯಿಯ ಕೈಗೆ ಕೊಟ್ಟು, ತೆಳ್ಳನೆಯ ಹತ್ತಿ ಅಂಗಿಯಲ್ಲಿ ನಿಂತು "ಹೋಯ್" ಅಂದಳು. ಹತ್ತಕ್ಕೆ ಹತ್ತು ಒಡೆದವು.

ಆಗ ನನಗೆ ತಿಳಿಯಿತು. ಬಳ್ಳಾರಿಯ ನಮಗೆ ವರ್ಷವಿಡೀ ಒಂದೇ ಅಂಗಿ. ಮೈಗೂ ಬಂದೂಕಿಗೂ ನಡುವೆ ಒಂದು ಎಳೆ ಬಟ್ಟೆ ಬಿಟ್ಟು ಬೇರೇನಾದರೂ ಇರುತ್ತದೆ ಎಂದು ನಾವು ಲೆಕ್ಕ ಹಾಕಿದವರೇ ಅಲ್ಲ. ಹುಲುಗೇಶ ಅಳೆದದ್ದು ಆ ಅಂಗಿಯ ಮೇಲೆ, ಸರಿಯಾಗಿಯೇ ಅಳೆದಿದ್ದ. ದಿಲ್ಲಿಯಲ್ಲಿ ಆ ಅಳತೆಯ ಮೇಲೆ ಸ್ವೆಟರ್ ಬಂತು, ಅದರ ಮೇಲೆ ನನ್ನ ಕೋಟು ಬಂತು. ಕಟ್ಟಿಗೆ ಮುಕ್ಕಾಲು ಇಂಚು ಉದ್ದವಾದಂತಾಯಿತು. ಅವಳನ್ನು ಸೋಲಿಸಿದ್ದು ನಾನು ಪ್ರೀತಿಯಿಂದ ತೊಡಿಸಿದ ಕೋಟು. ಶಸ್ತ್ರಾಗಾರದ ಮೂವತ್ತೊಂದು ವರ್ಷ ನನಗೆ ಇಷ್ಟನ್ನು ಕಲಿಸಿರಲಿಲ್ಲ. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

ಅವಳು ಸುಭಾಷನನ್ನು ಕೇಳಿದಳು, "ಅಣ್ಣಾ, ಈ ಎರಡರ ಕಟ್ಟಿಗಿನೂ ನನ್ನ ಅಳತಿಗೆ ಕಡಿಬೇಕಲ್ಲ?" ಗಂಡಸರ ಅಳತೆಯವು, ಕಡಿಯಲೇಬೇಕು, ಚಳಿಗಾಲಕ್ಕೆ ಇನ್ನೂ ಗಿಡ್ಡ ಬೇಕು ಅಂದ ಅವನು. ಇಟಲಿಗೆ ಕಳಿಸಿದರೆ ಎಂಟು ತಿಂಗಳು ಹಿಡಿಯುತ್ತದೆ, ಇಲ್ಲೇ ಯಾರಾದರೂ ಮಾಡಿದರೆ ಒಂದು ಗೆರೆ ತಪ್ಪಿದರೂ ಮತ್ತೆ ಜೋಡಿಸಲಾಗುವುದಿಲ್ಲ ಎಂದೂ ಹೇಳಿದ.

"ನಮ್ಮವರು ಮಾಡ್ತಾರ" ಅಂದಳು ದುರ್ಗಾ. ಆಮೇಲೆ ನನ್ನ ಕಡೆ ತಿರುಗಿದಳು. "ಅವರು ಬಂದು ನೋಡೋತನಕ ನಾ ಅರ್ಜ್ಯಾಗ ಏನೂ ಬರ್ಯಾಂಗಿಲ್ಲ ಸರ್. ನಾ ಕರದ್ರ ಅವರು ಬರಾಂಗಿಲ್ಲ. ನೀವ ಕರೀಬೇಕು."

ಮಧ್ಯಾಹ್ನದ ಬಿಸಿಲಿನಲ್ಲೇ ಕುರುಗೋಡಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಂದಿಸಿಕೊಂಡೆ, ಹೊಂದಿಸಿದ್ದೆಲ್ಲ ಕಲಸಿಹೋಯಿತು. ಕೋಟಿನ ವಿಷಯ ಮೊದಲು ಹೇಳಬೇಕೋ, ತಪ್ಪಾಯಿತು ಎಂದು ಮೊದಲು ಹೇಳಬೇಕೋ. ಅವನಿಗಿಂತ ನಾನು ಮೂವತ್ತು ವರ್ಷ ದೊಡ್ಡವನು, ಕೈ ಮುಗಿದರೆ ಅವನಿಗೇ ಸಂಕಟವಾದೀತೋ ಏನೋ. ಅವನ ಮನೆಯ ಮುಂದಿನ ಚಪ್ಪರದಲ್ಲಿ ಮೊದಲಿನಂತೆ ದಿಮ್ಮಿಗಳಿರಲಿಲ್ಲ. ಪ್ಲೈವುಡ್ಡಿನ ರೆಡಿಮೇಡ್ ಬಾಗಿಲುಗಳು ಗೋಡೆಗೆ ಒರಗಿದ್ದವು. ಬಳ್ಳಾರಿಯ ಅಂಗಡಿಯವರ ಬಾಗಿಲಿಗೆ ಕೀಲು ಬಡಿಯುವ ಕೆಲಸ ಹಿಡಿದಿದ್ದ.

"ಬರ್ರಿ ಸರ್" ಎಂದು ಎದ್ದು ನಿಂತ. ನೀರು ತಂದುಕೊಟ್ಟ.

"ಉಳಿ ಎಲ್ಲಿ ಹೋದವು ಹುಲುಗೇಶ?"

"ಒಳಗ ಅದಾವ್ರಿ. ಕೆತ್ತೋ ಕೆಲಸ ಬಿಟ್ಟೀನಿ. ಎಲ್ಲಿ ತಪ್ಪಿದ್ನಿ ಅಂತ ತಿಳಿದಿದ್ರ ತಿದ್ದಿಕೊಂತಿದ್ನಿ ಸರ್. ಅಳತಿ ಮನಸ್ಸಿನಾಗ ಹಾಕಿ ಹಾಕಿ ನೋಡೀನಿ, ತಪ್ಪು ಸಿಗಲಿಲ್ಲ. ತಪ್ಪು ಕಾಣದಿರೋ ಕೈಯಾಗ ಉಳಿ ಹಿಡಿಯಾಕ ಹೆದರಿಕಿ ಆತು."

ನಾನು ಹೊಂದಿಸಿಕೊಂಡದ್ದೆಲ್ಲ ಬಿಟ್ಟುಹೋಯಿತು. ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ: ಜಾಕೆಟ್ಟು, ಮೂರು ಬಿಲ್ಲೆ, ಹತ್ತು ಬಿಲ್ಲೆ, ನನ್ನ ಕೋಟು. ಅವನು ನೆಲ ನೋಡುತ್ತಾ ಕೇಳಿದ. ಮುಗಿದ ಮೇಲೆ ತಲೆಯೆತ್ತಿದ.

"ಹಂಗಾರ ಅದರಾಗ ತಪ್ಪು ಇರಲಿಲ್ಲ?"

"ಇರಲಿಲ್ಲಪ್ಪಾ. ತಪ್ಪು ನಂದು. ನಾಳಿ ಮುಂಜಾನಿ ಬಾ, ಬಂದೂಕು ನೋಡು."

"ಬರ್ತೀನ್ರಿ. ಖರೆ, ಇಲ್ಲಿ ಹೇಳಿದ್ದನ್ನ ಅಲ್ಲಿ ಹೇಳ್ರಿ. ಅವತ್ತು ಹದಿನಾಲ್ಕು ಮಂದಿ ಇದ್ರು, ನಾ ಎಣಿಸೀನಿ. ಅವರೆಲ್ಲ ನಿಂತಿರಬೇಕು."

ದನಿ ಏರಿಸಲಿಲ್ಲ ಅವನು. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಏರಿಸುತ್ತಿದ್ದೆ.

ಆ ಸಂಜೆ ಹದಿನಾಲ್ಕು ಮಂದಿಗೂ ಫೋನು ಮಾಡಿದೆ. ಏಕೆ ಎಂದರೆ ಬನ್ನಿ ಅಂದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹನ್ನೆರಡು ಜನ ಬಂದರು. ಒಬ್ಬರು ಹೊಸಪೇಟೆಯಲ್ಲಿದ್ದರು, ಇನ್ನೊಬ್ಬರಿಗೆ ಜ್ವರ. ಮಾತಿನಂತೆ ಬಂದಿದ್ದ ಹುಲುಗೇಶನ ಮುಖ ನೋಡಿದೆ. ಇಷ್ಟು ಜನ ಸಾಕು ಎಂಬಂತೆ ಅವನು ತಲೆಯಾಡಿಸಿದ. ಬೇವಿನ ಗಿಡದ ಕೆಳಗೆ ನಿಂತು, ನಾನು ಡಿಸೆಂಬರಿನಲ್ಲಿ ಏನೆಂದಿದ್ದೆನೋ ಆ ಮಾತನ್ನೇ ಮೊದಲು ಮತ್ತೊಮ್ಮೆ ಹೇಳಿದೆ. ಆಮೇಲೆ ಅದು ಸುಳ್ಳು ಅಂದೆ. ಏಕೆ ಸುಳ್ಳು ಎಂದು ಬಿಡಿಸಿ ಹೇಳಿದೆ. ನಡುವೆ ನೀರು ಕುಡಿದು ಮುಂದುವರಿಸಿದೆ. ಇಡೀ ನನ್ನ ಸರ್ವೀಸಿನಲ್ಲಿ ಯಾವ ಸಾಹೇಬರ ಮುಂದೆಯೂ ನಾನು ಹಾಗೆ ತಪ್ಪೊಪ್ಪಿಕೊಂಡಿರಲಿಲ್ಲ.

ಆಮೇಲೆ ಹುಲುಗೇಶ ಎರಡು ಬಂದೂಕುಗಳ ಮುಂದೆ ಕೂತ. ನಳಿಗೆಯ ಕಡೆ ನೋಡಲೇ ಇಲ್ಲ. ಕಟ್ಟಿಗೆಯ ಮೇಲೆ ಅಂಗೈ ಆಡಿಸಿದ, ಉಗುರಿನಿಂದ ಎಳೆಯ ಓಟ ನೋಡಿದ, ಹೆಂಡತಿಯ ಕೈಗೆ ಕೊಟ್ಟು ಕಣ್ಣು ಮುಚ್ಚಿ ಎತ್ತಲು ಹೇಳಿದ. ಅಂಗಿಯಲ್ಲಿ ಹತ್ತು ಸಲ, ಜಾಕೆಟ್ಟಿನಲ್ಲಿ ಹತ್ತು ಸಲ. ಗಂಟೆ ಒಂಬತ್ತಾಯಿತು, ಹತ್ತಾಯಿತು. ನಾನು ಗಡಿಯಾರ ನೋಡುತ್ತಿದ್ದೆ, ಕೇಳುವ ಧೈರ್ಯ ಬರಲಿಲ್ಲ.

"ಕಂದಿನ ಪೆಟಗೀದು ಕಟ್ಟಿಗಿ ಭಾಳ ಚೊಲೊ ಐತಿ" ಅಂದ ಕೊನೆಗೆ. "ಆದ್ರ ಎಳಿ ಅಡ್ಡಾದಿಡ್ಡಿ ಓಡೈತಿ, ಕಡದ್ರ ಎಲ್ಲಿ ಸೀಳ್ತೈತೋ ಹೇಳಾಕ ಬರಾಂಗಿಲ್ಲ. ನೀಲಿದು ಎಳಿ ಸಪಾಟ್ ಐತಿ, ಒಂದ ಉದ್ದನ ಮೊಳಿ ಮ್ಯಾಲೆ ನಿಂತೈತಿ, ಬಿಚ್ಚಿ ಬ್ಯಾರೆ ಕಟ್ಟಿಗಿ ಹಾಕಾಕ ಬರ್ತೈತಿ. ಇದನ್ನ ಬ್ಯಾಸಿಗಿಗೆ ಕಡೀತೀನಿ. ಚಳಿಗೆ ಇದರಂಥದ್ದ ಇನ್ನೊಂದು ಮಾಡ್ತೀನಿ. ಆಕಿ ಏನಂತಾಳ ಕೇಳ್ರಿ."

ಆಕೆ ಆಗಲೇ ಅರ್ಜಿ ಎಳೆದುಕೊಂಡು ನೀಲಿ ಪೆಟ್ಟಿಗೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ನೋಡಿ ಬರೆಯುತ್ತಿದ್ದಳು. ಅದರ ಕೆಳಗೆ ಆಯ್ಕೆಗೆ ಕಾರಣ ಬರೆಯಲು ನಾಲ್ಕು ಗೆರೆಯ ಜಾಗವಿತ್ತು. ತೂಕ, ನಳಿಗೆಯ ಉದ್ದ, ಚರೆ ಹರಡುವ ರೀತಿ, ಹೀಗೆ ನಾನು ಹೇಳಿ ಬರೆಸಲು ಬಾಯಿ ತೆರೆದೆ. ಅವಳು ಕಾಯಲಿಲ್ಲ, ಒಂದೇ ಗೆರೆ ಬರೆದು ಅರ್ಜಿಯನ್ನು ನನ್ನ ಕಡೆ ಸರಿಸಿದಳು. "ಇದಕ್ಕೆ ನನ್ನ ಗಂಡ ಕಟ್ಟಿಗೆ ಮಾಡಿಕೊಡುತ್ತಾರೆ, ಅವರ ಅಳತೆ ತಪ್ಪುವುದಿಲ್ಲ" ಎಂದಿತ್ತು. ಅದರ ಕೆಳಗೆ, ಮೇಲೆ ಬರೆದಿರುವುದು ನಿಜವೆಂದು ತರಬೇತುದಾರರು ಸಹಿ ಮಾಡಬೇಕಿತ್ತು. ಹನ್ನೆರಡು ಜನ ನೋಡುತ್ತಿದ್ದಂತೆ ನಾನು ಸಹಿ ಮಾಡಿದೆ.